ಒಂದು ತಪ್ಪು ಇರಲಿ

“ನುಡಿಸ್ಕಳ್ಳಿ ಸಾ, ಬ್ಯಾಡ ಅನ್ನಲ್ಲ. ಆದ್ರೆ ಒಂದು ತಪ್ಪು ಬುಡ್ಬೇಕು,” ಎಂದರು ಗಂಗಹನುಮಯ್ಯ. “ಬೇಕಂತ್ಲೇ. ಮಗೀನ ಕೆನ್ನೆಗೆ ಕಾಡಿಗೆ ಬೊಟ್ಟು ಇಡಲ್ವಾ, ಅಂಗೆ.”

ಪ್ರಸನ್ನ ಕುಮಾರ್ ನಕ್ಕರು. ತಪ್ಪು ಬಿಡಿ ಎಂದು ಅವರಿಗೆ ಹೇಳುವುದು ಬೆಕ್ಕಿಗೆ ಏಕಾದಶಿ ಉಪವಾಸ ಬೋಧಿಸಿದಂತೆ. ಮದುವೆ ಮನೆಯ ವಾಲಗದಲ್ಲಿ ಶ್ರುತಿ ಸರಿಯಿಲ್ಲವೆಂದು ಊಟದ ಎಲೆಯ ಮುಂದೆ ಮುಖ ಸಿಂಡರಿಸಿದವರು ಅವರು. ಹೆಂಡತಿ ಹಾಡಿದ ಜೋಗುಳದಲ್ಲೂ ತಾಳ ತಿದ್ದಿದವರು. ತಾವು ಮಾತ್ರ ಏನನ್ನೂ ನುಡಿಸುತ್ತಿರಲಿಲ್ಲ. ವಿಮರ್ಶಕರಿಗೆ ಅದು ಕಡ್ಡಾಯವಲ್ಲ.

ಬ್ಯಾಂಕಿನವರು ಮಧುಗಿರಿಗೆ ವರ್ಗ ಮಾಡಿದ್ದರು. ಬಾಡಿಗೆ ಮನೆಯ ಮೆಟ್ಟಿಲಲ್ಲಿ ಮಗಳು ರಕ್ಷಾಳ ಪಿಯಾನೊ ಹತ್ತಲಿಲ್ಲ. ಅವಳ ಸಂಗೀತ ಪರೀಕ್ಷೆ ಹತ್ತಿರ ಬಂದಿತ್ತು. ಸುತ್ತಮುತ್ತ ವಿಚಾರಿಸಿದರೆ ಇದ್ದದ್ದು ಇದೊಂದೇ ಪಿಯಾನೊ, ಗಂಗಹನುಮಯ್ಯನವರ ಮುಚ್ಚಿದ ಎಣ್ಣೆ ಮಿಲ್ಲಿನ ಗೋಡೌನಿನಲ್ಲಿ.

“ಶಿರಾದ ಬಂಗ್ಲೇದು ಸಾ. ನಮ್ಮಪ್ಪ ಹರಾಜಲ್ಲಿ ತಂದಿದ್ದು. ಅಲ್ಲಿ ಅಕ್ಕ-ತಂಗಿ ಇಬ್ರು ಬಾರುಸ್ತಿದ್ರಂತೆ. ತಂಗಿ ಕೈ ಚೆಂದ ಅಂತ ಎಲ್ರೂ ಹೊಗಳೋರು. ಅಕ್ಕ ಹೊಟ್ಟೆಕಿಚ್ಚಿಗೆ ಮಾಟ ಮಾಡ್ಸಿ, ಒಳಗೆ ತಾಮ್ರದ ತಗಡು ಬಡ್ಸವ್ಳೆ. ತಪ್ಪಿಲ್ದಂಗೆ ನುಡ್ಸಿದ ಕೈ ಅದ್ರ ಪಾಲು.”

“ತೆಗೆಸಬಹುದಿತ್ತಲ್ಲ?”

“ಪಾವಗಡದಿಂದ ಮಂತ್ರವಾದಿ ಬಂದಿದ್ದ. ಮುಚ್ಚಳ ಎತ್ತಿ ನೋಡ್ದ, ಅಂಗೇ ಮುಚ್ದ. ‘ತಪ್ಪು ಉಂಡನೀ, ಅದೇ ಕಾಪು’ ಅಂದ. ತಪ್ಪಿರಲಿ, ಅದೇ ಕಾವಲು ಅಂತ. ದುಡ್ಡೂ ಇಸ್ಕಳ್ಳಿಲ್ಲ.”

“ನಿಮ್ಮ ಕತೆಯಲ್ಲಿ ನಂಬಲಾಗದ್ದು ಅದೊಂದೇ,” ಎಂದರು ಪ್ರಸನ್ನ ಕುಮಾರ್.

ಮುದುಕರು ನಗಲಿಲ್ಲ. “ಮಗು ಮರ್ತುಬುಟ್ರೆ, ಕೇಳಿದೋರಾದ್ರೂ ಒಂದು ಐಬು ಹೇಳ್ಬೇಕು ಸಾ. ಮೆಚ್ಕಬಾರ್ದು. ಮೆಚ್ಕಂಡ್ರೆ ನಾವೇ ಎತ್ತಿ ಕೊಟ್ಟಂಗೆ.”

“ಅದನ್ನ ಅಪ್ಪನಿಗೆ ಹೇಳಬೇಕಾಗಿಲ್ಲ ತಾತ,” ಎಂದಳು ಪಿಯಾನೊದ ಪಕ್ಕ ನಿಂತಿದ್ದ ರಕ್ಷಾ, ಮೆಲ್ಲಗೆ.

ನಿಜವೇ. ಆರನೇ ವಯಸ್ಸಿನಿಂದ ಅವಳು ಅಪ್ಪನ ಮುಂದೆ ನುಡಿಸುತ್ತಿದ್ದಳು. ಮುಗಿಸಿದ ಮೇಲೆ ಕೈ ಎತ್ತದೆ ಕತ್ತು ಮಾತ್ರ ತಿರುಗಿಸಿ ಅವರ ಮುಖ ನೋಡುತ್ತಿದ್ದಳು. ‘ಎಡಗೈ ಭಾರ’, ‘ಆತುರ’, ‘ಇದೇನು ಟೈಪಿಂಗ್ ಪರೀಕ್ಷೆಯೇ’ ಎಂದೆಲ್ಲ ಕೇಳಿದ್ದಳು. ‘ಚೆನ್ನಾಗಿತ್ತು’ ಎಂಬುದನ್ನು ಮಾತ್ರ ಕೇಳಿರಲಿಲ್ಲ.

ಗೋಡೌನಿನಲ್ಲಿ ಹಳೆಯ ಕಡಲೆಕಾಯಿ ಹಿಂಡಿಯ ಜಿಡ್ಡು ವಾಸನೆ. ಗೋಣಿಚೀಲಗಳ ಹಿಂದೆ ಇಲಿಗಳ ಸರಬರ. ರಕ್ಷಾ ದಿನವೂ ನುಡಿಸಿದಳು. ದಿನವೂ ಕೊನೆಯ ಸಾಲಿನಲ್ಲಿ ಅದೇ ಒಂದು ಸ್ವರ ತಪ್ಪಿತು.

“ತಾತ ಹೇಳಿದ್ದಕ್ಕೆ…” ಎಂದಳು.

“ಪರೀಕ್ಷಕರ ಮುಂದೆಯೂ ಕಾಡಿಗೆ ಬೊಟ್ಟು ಇಡ್ತೀಯಾ?” ಎಂದರು ಅಪ್ಪ. “ನಾಳೆ ಸರಿಯಾಗಿರಬೇಕು.”

ಮರುದಿನ ಮಧ್ಯಾಹ್ನ ಅವಳು ಶುರು ಮಾಡಿದ ಕೂಡಲೇ ಕರೆಂಟು ಹೋಯಿತು. ಧೂಳಿಗೆ ಹೆದರಿ ಮುಚ್ಚಿದ ಕಿಟಕಿಗಳು, ಹಗಲಲ್ಲೇ ಕತ್ತಲು; ಬಾಗಿಲಿನಿಂದ ಮಾತ್ರ ಪಿಯಾನೊ ಮೇಲೆ ಒಂದು ಗೀಟು ಬೆಳಕು. ಅವಳು ನಿಲ್ಲಿಸಲಿಲ್ಲ. ಬಾಗಿಲ ಬಳಿ ಗಂಗಹನುಮಯ್ಯ ಎದ್ದು ನಿಂತರು.

ಮೊದಲು ವಾಸನೆ ಬದಲಾಯಿತು. ಹಿಂಡಿಯ ಜಿಡ್ಡು ಹೋಗಿ ಸುಟ್ಟ ಕೂದಲು, ಕೊಳೆತ ನಿಂಬೆ. ಆಮೇಲೆ ಇಲಿಗಳು ಸುಮ್ಮನಾದವು. ಪಿಯಾನೊದ ಒಳಗೆ ತಗಡು ಟಿಕ್ಕೆಂದಿತು. ಮತ್ತೆ ಟಿಕ್ಕೆಂದಿತು. ತಾಳಕ್ಕೆ ಸರಿಯಾಗಿ. ಒಂದಿಷ್ಟೂ ತಪ್ಪದೆ.

ಕೊನೆಯ ಸಾಲು ಬಂತು. ಆ ಸ್ವರ ಬಂತು. ಸರಿಯಾಗಿ ಬಂತು. ಮುಗಿಯಿತು.

ಪ್ರಸನ್ನ ಕುಮಾರ್ ಅಭ್ಯಾಸದಂತೆ ತಪ್ಪು ಹುಡುಕಿದರು. ಸಿಗಲಿಲ್ಲ. ಮತ್ತೆ ಹುಡುಕಿದರು. ಇರಲಿಲ್ಲ. ಕತ್ತಲಲ್ಲಿ ಏನೋ ಕಿವಿಗೊಟ್ಟು ಕಾಯುತ್ತಿತ್ತು.

“ಸಾ, ಏನಾರ ಅನ್ನಿ,” ಗಂಗಹನುಮಯ್ಯ ಬಂದು ಅವರ ತೋಳು ಹಿಡಿದರು. “ಸುಳ್ಳಾದ್ರೂ ಅನ್ನಿ.”

ಸಂಗೀತದ ವಿಷಯದಲ್ಲಿ ಪ್ರಸನ್ನ ಕುಮಾರ್ ಸುಳ್ಳು ಹೇಳಿದವರಲ್ಲ. ರಕ್ಷಾ ಕತ್ತು ತಿರುಗಿಸಿ ಅವರನ್ನೇ ನೋಡುತ್ತಿದ್ದಳು.

“ಚೆನ್ನಾಗಿತ್ತು,” ಎಂದರು.

ಅವಳ ಮುಖ ಅರಳಿತು. ಹತ್ತು ವರ್ಷ ಕಾದಿದ್ದ ನಗು. ಒಳಗಿನ ತಗಡು ನಿಂತಿತು. ನಗು ಅಲ್ಲೇ ಉಳಿಯಿತು, ಕಣ್ಣು ಮಾತ್ರ ಕೆಳಗಿಳಿಯಿತು.

“ಅಪ್ಪ,” ಎಂದಳು. “ನನ್ನ ಕೈ ಎಲ್ಲಿ?”

ಕೈಗಳು ಅವಳೆದುರೇ ಇದ್ದವು, ಬಿಳಿ ಕೀಗಳ ಮೇಲೆ. ಅವು ಮೊದಲಿನಿಂದ ನುಡಿಸತೊಡಗಿದವು.

ಪರೀಕ್ಷೆಯಲ್ಲಿ ಅವಳೇ ಮೊದಲು ಬಂದಳು. ತುಮಕೂರಿನ ಡಾಕ್ಟರು ನರಗಳೆಲ್ಲ ಸರಿಯಾಗಿವೆ ಎಂದರು. ಮೊನ್ನೆ ಕುದಿಯುವ ಸಾರು ಕೈಮೇಲೆ ಚೆಲ್ಲಿತು. ಬೊಬ್ಬೆ ಏಳುವುದನ್ನು ರಕ್ಷಾ ಪಕ್ಕದ ಮನೆಯವರ ಸಾಮಾನು ನೋಡುವಂತೆ ನೋಡಿದಳು.

ಸಂಜೆಯಾದರೆ ಆ ಕೈಗಳು ಅವಳನ್ನು ಮಿಲ್ಲಿಗೆ ಕರೆದೊಯ್ಯುತ್ತವೆ. ಅಪ್ಪ ಹಿಂದೆಯೇ ಹೋಗಿ ಗೋಣಿಚೀಲದ ಮೇಲೆ ಕೂರುತ್ತಾರೆ. “ಎಡಗೈ ಭಾರ ಆಯ್ತು,” ಎನ್ನುತ್ತಾರೆ. “ನಡುವೆ ಆತುರ.” ಎಲ್ಲ ಸುಳ್ಳು. ಒಮ್ಮೊಮ್ಮೆ, “ಒಂದು ತಪ್ಪು ಮಾಡಮ್ಮ,” ಎನ್ನುತ್ತಾರೆ. ಗಂಗಹನುಮಯ್ಯ ಬಾಗಿಲಲ್ಲಿ ಬೀಡಿ ಹಿಡಿದು ನೆಲ ನೋಡುತ್ತಾರೆ. ಕೊಟ್ಟದ್ದನ್ನು ವಾಪಸು ಕೇಳುವ ಕ್ರಮ ಅವರಿಗೂ ಗೊತ್ತಿಲ್ಲ.

ಕೊನೆಯ ಸ್ವರ ಸರಿಯಾಗಿಯೇ ಬೀಳುತ್ತದೆ. ಪ್ರಸನ್ನ ಕುಮಾರ್ ಕಾಯುತ್ತಾರೆ. ರಕ್ಷಾ ಕತ್ತು ತಿರುಗಿಸುವುದಿಲ್ಲ.