ದೀರ್ಘ ತಪ್ಪಿದ ಪತ್ರ

"ಪ್ರಭೂ, ನನ್ನ ಮೋರೆ ಕೇಳು!"

ರಂಗದ ಮೇಲೆ ಮಂಡಿಯೂರಿದ್ದ ಸೇನಾಪತಿ ಹೀಗೆ ಗೋಳಾಡಿದಾಗ ನಾಗಪುರದ ಕನ್ನಡ ಸಂಘದ ಸಭಿಕರು ಒಂದು ಕ್ಷಣ ಗಲಿಬಿಲಿಗೊಂಡರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಯಾವ ಮೋರೆನಪಾ? ಪೋಸ್ಟಾಫೀಸಿನ ಮೋರೆ ಸಾಹೇಬರೇನು?"

ಮೋರೆ ಎಂಬ ಅಡ್ಡಹೆಸರಿನವರು ನಾಗಪುರದಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಪರದೆಯ ಮರೆಯಲ್ಲಿ ಮಾತು ಹೇಳಿಕೊಡಲು ನಿಂತಿದ್ದ ರಾಗಿಣಿ "ಮೊರೆ, ಮೊರೆ" ಎಂದು ಪಿಸುಗುಟ್ಟಬೇಕಾಗಿತ್ತು. ಅದು ಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಸೇನಾಪತಿ ಕತ್ತು ಹೊರಳಿಸಿ ಅವಳನ್ನೇ ನೋಡಿದ. ಸಿಟ್ಟೇನೂ ಇರಲಿಲ್ಲ, ಏನಾಯ್ತು ಎಂಬಂತೆ ಹುಬ್ಬು ಏರಿಸಿದ್ದ, ಅಷ್ಟೇ. ಆ ಹುಬ್ಬು ಅವಳಿಗೆ ಎರಡು ದಿನ ನೆನಪಿನಲ್ಲಿ ಉಳಿಯಿತು.

ಅದು ಎರಡು ಸಾವಿರದ ಆರರ ರಾಜ್ಯೋತ್ಸವ. ನಾಟಕ ಮುಗಿದ ಮೇಲೆ ಅವನೇ ಹುಡುಕಿಕೊಂಡು ಬಂದ. ಅಂಟಿಸಿದ ಮೀಸೆ ಒಂದು ಕಡೆ ಕಿತ್ತು ಜೋತಾಡುತ್ತಿತ್ತು.

"ಮೇಡಮ್, ಯಾಕ ನಕ್ಕಿರಿ? ನಾ ಬರೋಬರ್ ಓದೇನಿ. ನೋಡ್ರಿಲ್ಲೆ."

ಅವನ ಕೈಯಲ್ಲಿದ್ದ ಹಾಳೆಯ ತುಂಬ ಕನ್ನಡದ ಮಾತು, ಆದರೆ ಮರಾಠಿಯ ಅಕ್ಷರ. ಆ ಲಿಪಿಯಲ್ಲಿ ಎ, ಏ ಎರಡಕ್ಕೂ ಒಂದೇ ಗುರುತು. ಒ, ಓ ಎರಡಕ್ಕೂ ಒಂದೇ. ಮೊರೆ ಬರೆದರೂ ಮೋರೆ, ಮೋರೆ ಬರೆದರೂ ಮೋರೆ.

"ನನ್ನ ದುಃಖ ಕೇಳು ಅನ್ನೋದರ ಬದಲು ನನ್ನ ಮುಖ ಕೇಳು ಅಂದ್ರಿ ನೀವು," ಎಂದಳು ರಾಗಿಣಿ.

"ಮುಖಾನೂ ಕೇಳಬಹುದಲ್ಲರಿ. ಅಷ್ಟೇನು ಕೆಟ್ಟಿಲ್ಲ."

ಕೆಟ್ಟಿರಲಿಲ್ಲ, ನಿಜ. ಹೆಸರು ಗಿರಿಧರ. ವಿಜಾಪುರದ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ನಾಗಪುರದ ಪ್ರತಾಪ ನಗರದಲ್ಲಿ, ಕೆಲಸ ಅಜನಿ ಸ್ಟೇಷನ್ನಿನ ರಿಸರ್ವೇಷನ್ ಕೌಂಟರಿನಲ್ಲಿ. ಮನೆಯಲ್ಲಿ ಕನ್ನಡವೇ ಮಾತು, ಆದರೆ ಅಕ್ಷರ ಒಂದೂ ಬಾರದು.

"ನನಗ ಲಿಪಿ ಕಲಸ್ರಿ, ಮೇಡಮ್. ಜಲ್ದಿ ಕಲೀತೇನಿ," ಎಂದ.

ರಾಗಿಣಿ ಮೈಸೂರಿನವಳು. ಕೇಂದ್ರ ಸರ್ಕಾರದ ಶಾಲೆಯಲ್ಲಿ ಗಣಿತದ ಟೀಚರ್, ಬಜಾಜ್ ನಗರದಲ್ಲಿ ಬಾಡಿಗೆ ಮನೆ. ಅವಳಿಗೆ ಆಗ ತಲೆಯಲ್ಲಿ ಹೊಕ್ಕಿದ್ದ ಹುಳವೇ ಬೇರೆ. ಬೆಂಗಳೂರಿನ ಒಂದು ವೆಬ್‌ಸೈಟು ಹೊಸಬರ ಇ-ಬುಕ್ ಪ್ರಕಟಿಸುತ್ತೇವೆ, ಜನವರಿ ಕೊನೆಯೊಳಗೆ ಕಳಿಸಿ ಎಂದು ಪ್ರಕಟಣೆ ಕೊಟ್ಟಿತ್ತು. ತನ್ನದೂ ಒಂದು ಪುಸ್ತಕ ಆಗಬೇಕೆಂದು ಅವಳಿಗೆ ಹದಿನಾರನೇ ವಯಸ್ಸಿನಿಂದ ಆಸೆ. ಆದರೆ ಏನು ಬರೆಯುವುದು? ಅಡುಗೆಯ ಮೇಲೆ ಶುರು ಮಾಡಿ ನಾಲ್ಕನೇ ಪುಟಕ್ಕೆ ತನಗೆ ಅಡುಗೆ ಬರುವುದಿಲ್ಲ ಎಂದು ಒಪ್ಪಿಕೊಂಡಳು. 'ಗಣಿತ ಸುಲಭ' ಎಂದು ಬರೆದರೆ ತನಗೇ ಆಕಳಿಕೆ ಬಂತು. ಕವಿತೆಗಳನ್ನಂತೂ ಒಂದು ಭಾನುವಾರ ಕೂತು ಓದಿ, ಅದೇ ಭಾನುವಾರ ಅಳಿಸಿಹಾಕಿದಳು.

ವಾರಕ್ಕೆ ಎರಡು ಸಂಜೆ ಪಾಠ ಶುರುವಾಯಿತು. ಗಿರಿಧರ ಸ್ಕೂಟರ್ ನಿಲ್ಲಿಸಿ, ವರಾಂಡದಲ್ಲಿ ಒಳ್ಳೆಯ ಹುಡುಗನ ಹಾಗೆ ಕಾಪಿ ಪುಸ್ತಕ ಬಿಡಿಸಿ ಕೂಡುತ್ತಿದ್ದ.

"ಈ ವರ್ಷ ಬೇಳೆ ಚೆನ್ನಾಗಿ ಬಂದಿದೆ," ಎಂದು ಬರೆದ ಒಂದು ದಿನ.

"ಹೊಲದಲ್ಲಿ ಬರೋದು ಬೆಳೆ. ಬೇಳೆ ಬರೋದು ಸಾರಿನಲ್ಲಿ."

"ಅಂದ್ರ ಒಂದು ದೀರ್ಘ ಎಳೆದ್ರ ಹೊಲದಿಂದ ಅಡಗೀಮನಿಗೇ ಬಂತು! ಭಾಳ ಛಲೋ ಭಾಷೆ ಐತಿ ಬಿಡ್ರಿ ನಮ್ಮದು."

ರಾಗಿಣಿ ನಕ್ಕಳು. ಅವಳು ನಕ್ಕಾಗಲೆಲ್ಲ ಅವನು ಪೆನ್ನು ಕೆಳಗಿಟ್ಟು ನೋಡುತ್ತಿದ್ದ, ಅವಳು ಮುಗಿಸುವ ತನಕ. ಅವಳ ಕಿವಿ ಬಿಸಿಯಾಗುತ್ತಿತ್ತು. ಆ ಸಂಜೆ ಅವನು ಹೋದ ಮೇಲೆ ಬೇಳೆಯ ಕಥೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದಳು. ಒಂದೇ ಉಸಿರಿಗೆ ಮೂರು ಪುಟ ಆಯಿತು. ಓದಿ ನೋಡಿದರೆ ಜೀವಂತವಾಗಿತ್ತು! ಹೊರನಾಡಿನಲ್ಲಿ ಬೆಳೆದು ಲಿಪಿ ಕಳೆದುಕೊಂಡ ಕನ್ನಡಿಗರಿಗಾಗಿ ಒಂದು ಇ-ಬುಕ್. ನಿಯಮ ಹೇಳುವುದು ಬೇಡ, ಒಬ್ಬ ವಿದ್ಯಾರ್ಥಿಯ ತಪ್ಪುಗಳನ್ನೇ ಕಥೆಯಾಗಿ ಹೇಳಿದರೆ ಸಾಕು, ಪಾಠ ತಾನೇ ಬರುತ್ತದೆ. ಇಷ್ಟು ತಿಂಗಳು ಹುಡುಕಿದ ದಾರಿ ವರಾಂಡದಲ್ಲೇ ಕೂತಿತ್ತು.

ಅವನಿಗೆ ಹೇಳಲಿಲ್ಲ. ಹೇಳಿದರೆ ಅವನು ಜಾಗ್ರತೆಯಾಗಿ ಬರೆಯತೊಡಗುತ್ತಾನೆ, ತಪ್ಪು ನಿಂತರೆ ಪುಸ್ತಕವೂ ನಿಲ್ಲುತ್ತದೆ. ಹೆಸರಿನ ಬದಲು 'ಗಿ.' ಎಂದು ಹಾಕಿದ್ದೇನಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಗಣಿತದವಳು, ಲೆಕ್ಕಾಚಾರ ಚೆನ್ನಾಗಿಯೇ ಇತ್ತು.

ಸಂಕ್ರಾಂತಿ ಕಳೆದು ಮೂರು ದಿನಕ್ಕೆ ಗಿರಿಧರ ಒಂದು ಹಾಳೆ ತಂದ. ಅಂದು ತಮಾಷೆ ಮಾಡಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು ರಸ್ತೆಯ ಕಡೆ ತಿರುಗಿ ಕೂತ.

"ಎಲ್ಲ ಅಕ್ಷರ ಒದಲು ಕಲಿತೆ. ನಿಮ್ಮ ಮನಸ್ಸು ಒದಲು ಬರುವುದಿಲ್ಲ. ಅದನ್ನೂ ಹೆಳಿ ಕೊಡುವಿರಾ?"

ಓದಲು ಎನ್ನುವ ಕಡೆಯೆಲ್ಲ ದೀರ್ಘ ಬಿಟ್ಟುಹೋಗಿತ್ತು. ಓದುವುದು ಒದೆಯುವುದಾಗಿತ್ತು. ಆದರೆ ಇದು ಅಭ್ಯಾಸದ ಹಾಳೆಯಲ್ಲ ಎಂದು ತಿಳಿಯದಷ್ಟು ಪೆದ್ದಿಯಲ್ಲ ರಾಗಿಣಿ. ಹೂಂ ಎನ್ನುವ ಆಸೆ ನಾಲಿಗೆಯ ತುದಿಗೇ ಬಂತು. ಹೆದರಿದಳು. ಹೆದರಿದವಳು ಕೆಂಪು ಪೆನ್ನು ತೆಗೆದುಕೊಂಡಳು.

"ಇಲ್ಲಿ ಓ ಬರಬೇಕು. ಇಲ್ಲೂ. 'ಹೇಳಿ'ಗೆ ಏ. ಒಟ್ಟು ಮೂರು ತಪ್ಪು. ಪರವಾಗಿಲ್ಲ, ಸುಧಾರಿಸಿದ್ದೀರಿ."

ಗಿರಿಧರ ಹಾಳೆಯನ್ನು ನೋಡಿದ, ಅವಳನ್ನು ನೋಡಿದ. "ಹಂಗಾರ ಮತ್ತ ಪ್ರಾಕ್ಟೀಸ್ ಮಾಡತೇನಿ, ಮೇಡಮ್," ಎಂದು ಎದ್ದ.

ಹಾಳೆ ಅಲ್ಲೇ ಉಳಿಯಿತು. ಉಳಿದದ್ದು ಒಂಬತ್ತನೇ ಪಾಠವಾಯಿತು. ಅದನ್ನು ಒಮ್ಮೆ ಟೈಪ್ ಮಾಡಿ ಅಳಿಸಿದಳು, ಆದರೂ ಕೊನೆಗೆ ಸೇರಿಸಿದಳು. ಇಡೀ ಪುಸ್ತಕದಲ್ಲಿ ಅಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿರಲಿಲ್ಲ.

ಇ-ಬುಕ್ಕನ್ನು ಬೆಂಗಳೂರಿಗೆ ಕಳಿಸಿದಳು. ಫಾಂಟ್ ಸರಿ ಕಾಣುತ್ತದೆಯೇ ನೋಡಿ ಎಂದು ಸಂಘದ ಕಾರ್ಯದರ್ಶಿ ವೇಣುಗೋಪಾಲರಿಗೂ ಒಂದು ಪ್ರತಿ ಮೇಲ್ ಮಾಡಿದಳು. ಅವರೋ ಉತ್ಸಾಹದ ಬುಗ್ಗೆ. "ನಮ್ಮ ಸಂಘದ ಮಗಳ ಮೊದಲ ಪುಸ್ತಕ" ಎಂದು ತಲೆಬರಹ ಕೊಟ್ಟು ಸಂಘದ ಅರವತ್ತು ಮನೆಗೂ ಕಳಿಸಿಬಿಟ್ಟರು.

'ಗಿ.' ಯಾರೆಂದು ಅರವತ್ತು ಮನೆಯಲ್ಲಿ ಒಬ್ಬರಿಗೂ ಅನುಮಾನ ಇರಲಿಲ್ಲ. ಮೋರೆಯ ಕಥೆಯೇ ಮೊದಲನೇ ಪಾಠ.

ಭಾನುವಾರ ಸಂಘದ ತಿಂಡಿಯ ಹೊತ್ತಿಗೆ ಗಿರಿಧರ ಒಳಗೆ ಬಂದ. ಅವನಿನ್ನೂ ಏನನ್ನೂ ಓದಿರಲಿಲ್ಲ.

"ಏನಪಾ ಗಿರಿಧರ, ಮನಸ್ಸು ಒದ್ದಿಯೇನು?" ಎಂದರು ಒಬ್ಬರು.

"ಮೆಲ್ಲಕ ಒದಿಯೋ, ಪೆಟ್ಟು ಬಿದ್ದೀತು!" ಎಂದರು ಇನ್ನೊಬ್ಬರು.

ಯಾರೋ ಪ್ರಿಂಟ್ ತೆಗೆದಿದ್ದ ಹಾಳೆಯನ್ನು ಅವನ ಕೈಗೆ ಕೊಟ್ಟರು. ಅವನು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಿದ. ಅವಳೇ ಕಲಿಸಿದ ಅಕ್ಷರ, ಒಂದೂ ತಪ್ಪಲಿಲ್ಲ. ನಗುತ್ತಿದ್ದವರ ನಡುವೆ ಅವನ ಕಿವಿ, ಕತ್ತು ಕೆಂಪಾದದ್ದನ್ನು ರಾಗಿಣಿ ದೂರದಿಂದ ನೋಡಿದಳು. ಅವಳ ಹತ್ತಿರ ಬಂದು ಮೆತ್ತಗೆ ಕೇಳಿದ:

"ನಿಮಗ ಗೊತ್ತಿತ್ತಲ್ಲರಿ, ಅದು ಪಾಠ ಅಲ್ಲ ಅಂತ?"

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೌದೆಂದು ತಲೆಯಾಡಿಸಿದಳು.

"ಅಂದ್ರ ನಾ ನಿಮಗ ಬರೇ ಉದಾಹರಣೆ." ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಹೊರಟ.

ಮಂಗಳವಾರ ಸ್ಕೂಟರಿನ ಸದ್ದು ಬರಲಿಲ್ಲ. ಶುಕ್ರವಾರವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ವರಾಂಡದ ಎರಡನೇ ಕುರ್ಚಿಯನ್ನು ನೋಡಲಾಗದೆ ರಾಗಿಣಿ ಅದನ್ನು ಒಳಗಿಟ್ಟಳು, ಒಳಗೂ ನೋಡಲಾಗದೆ ಮತ್ತೆ ಹೊರಗಿಟ್ಟಳು. ಅವನನ್ನು ಪ್ರೀತಿಸುತ್ತಿದ್ದೇನೆ ಎಂದು ಅವಳು ತನಗೆ ತಾನೇ ಹೇಳಿಕೊಂಡದ್ದು ಆಗ, ತೀರ ತಡವಾಗಿ.

ಅದೇ ಹೊತ್ತಿಗೆ ಬೆಂಗಳೂರಿನಿಂದ ಉತ್ತರ ಬಂತು. ಪುಸ್ತಕ ಒಪ್ಪಿಗೆಯಾಗಿದೆ, ಒಂಬತ್ತನೇ ಪಾಠವೇ ಅದರ ಜೀವ, ಅದನ್ನು ಮೊದಲಿಗೆ ತನ್ನಿ. ರಾಗಿಣಿ ಆ ಪಾಠವನ್ನು ತೆಗೆದುಹಾಕುತ್ತೇನೆ ಎಂದು ಬರೆದಳು. ಹಾಗಾದರೆ ಕ್ಷಮಿಸಿ ಎಂದು ಅವರು ಬರೆದರು. ಓದಿ ಕಂಪ್ಯೂಟರ್ ಆರಿಸಿದಳು, ಸ್ವಲ್ಪ ಹೊತ್ತು ಅತ್ತಳು. ಹದಿನಾರನೇ ವಯಸ್ಸಿನಿಂದ ಇದ್ದ ಆಸೆಯಲ್ಲವೇ, ಅಳು ಬಂತು.

ಮರುದಿನ ಪ್ರತಾಪ ನಗರಕ್ಕೆ ಹೋದಳು. ಗಿರಿಧರನ ತಾಯಿ ಅಂಬುಜಾಬಾಯಿ ಬಾಗಿಲು ತೆರೆದರು.

"ಬರ್ರಿ. ಕುಂಡ್ರಿ." ಮಾತಿನಲ್ಲಿ ಮರ್ಯಾದೆ ಇತ್ತು, ಮುಖದಲ್ಲಿ ನಗು ಇರಲಿಲ್ಲ.

"ಅಮ್ಮಾ, ಒಂದು ಸಲ ಅವರ ಹತ್ರ ಮಾತಾಡಬೇಕಿತ್ತು."

"ಅಂವ ಮನ್ಯಾಗ ಯಾರ ಕೂಡಾನೂ ಮಾತಾಡವಲ್ಲ. ಬಲ್ಲಾರ್ಶಾಕ್ಕ ಟ್ರಾನ್ಸ್‌ಫರ್ ಕೇಳಿ ಅರ್ಜಿ ಬರದಾನ, ನಾಳೆ ಸಂಜೀಕ ಕೊಡ್ತಾನಂತ. ಇಷ್ಟು ವರ್ಷ ಮಂದಿ ಮುಂದ ಕನ್ನಡ ಬರೀಲಿಕ್ಕೆ ಬರೋದಿಲ್ಲ ಅಂತ ನಾಚ್ಕೊಂಡಿದ್ದಿಲ್ಲವ್ವ ನನ್ನ ಮಗ. ಬರೀಲಿಕ್ಕೆ ಕಲಿತ ಮ್ಯಾಲೆ ನಾಚ್ಕೊಂಡ."

ರಾಗಿಣಿ ಕಣ್ಣು ಒರೆಸಿಕೊಂಡಳು. ಅಂಬುಜಾಬಾಯಿ ಒಂದು ಲೋಟ ನೀರು ತಂದುಕೊಟ್ಟರು. "ಕೌಂಟರ್‌ನ್ಯಾಗ ಕೂತಾಗ ಎದ್ದು ಹೋಗಾಕ ಬರೂದಿಲ್ಲ ಅವಗ," ಎಂದರು, ಗೋಡೆಯ ಕಡೆ ನೋಡುತ್ತ.

ಮರುದಿನ ಶಾಲೆಗೆ ರಜೆ ಹಾಕಿ ರಾಗಿಣಿ ಅಜನಿ ಸ್ಟೇಷನ್ನಿನ ಕ್ಯೂನಲ್ಲಿ ನಿಂತಳು. ಮುಂದೆ ಹದಿನೇಳು ಜನ. ಏನು ಹೇಳಬೇಕೆಂದು ಬೆಳಿಗ್ಗೆಯೇ ನಿಶ್ಚಯಿಸಿದ್ದಳು, ಮರಾಠಿಯಲ್ಲಿ. ಅವನು ತನಗೆ ಬಾರದ ಅಕ್ಷರದಲ್ಲಿ ಮನಸ್ಸು ಬಿಚ್ಚಿಟ್ಟಿದ್ದ. ತಾನು ಚೆನ್ನಾಗಿ ಬಲ್ಲ ಭಾಷೆಯಲ್ಲಿ ಸೊಗಸಾಗಿ ಕ್ಷಮೆ ಕೇಳಿದರೆ ಅದೂ ಒಂದು ಪಾಠವೇ ಆದೀತು. ಆದರೆ ಅವಳ ಮರಾಠಿ ತರಕಾರಿ ಅಂಗಡಿ ದಾಟಿ ಮುಂದೆ ಹೋದದ್ದೇ ಇಲ್ಲ.

ಗಾಜಿನ ಆಚೆ ಗಿರಿಧರ ತಲೆ ಎತ್ತದೆ ಕೈ ಚಾಚಿದ. "ಫಾರ್ಮ್."

ಫಾರ್ಮ್ ಬರಲಿಲ್ಲ. ತಲೆ ಎತ್ತಿದ. ಮುಖ ಬಿಗಿಯಾಯಿತು. "ಮೇಡಮ್, ಹಿಂದ ಮಂದಿ ನಿಂತಾರ."

"ಮೀ ಚುಕಲೋ," ಎಂದಳು ರಾಗಿಣಿ. ನಾನು ತಪ್ಪು ಮಾಡಿದೆ.

ಹಿಂದೆ ಇದ್ದವರು ಕಿಸಕ್ಕನೆ ನಕ್ಕರು. ಮರಾಠಿಯಲ್ಲಿ ತಪ್ಪು ಮಾಡಿದ ಗಂಡಸು 'ಚುಕಲೋ' ಅನ್ನುತ್ತಾನೆ, ಹೆಂಗಸು 'ಚುಕಲೇ' ಅನ್ನಬೇಕು. ಈ ಭೇದ ಅವಳ ಕನ್ನಡದ ನಾಲಿಗೆಗೆ ಹತ್ತಿರಲಿಲ್ಲ. ಅವರು ಯಾಕೆ ನಕ್ಕರೆಂದೂ ತಿಳಿಯಲಿಲ್ಲ, ತನ್ನನ್ನು ನೋಡಿಯೇ ನಕ್ಕರೆಂದು ಮಾತ್ರ ತಿಳಿಯಿತು. ಮುಖಕ್ಕೆ ರಕ್ತ ನುಗ್ಗಿತು. ಓಡಿಹೋಗಬೇಕೆನಿಸಿತು. ಓಡಲಿಲ್ಲ.

ಮುಂದಿನ ಮಾತಿನಲ್ಲಿ ಪುಸ್ತಕವನ್ನೂ ಗಂಡು ಮಾಡಿದಳು. ಆ ಪಾಠ ತೆಗೆದೆ ಎಂದಳು, ಪುಸ್ತಕ ಇನ್ನು ಬರುವುದಿಲ್ಲ ಎಂದಳು. ಒಂದೊಂದು ಶಬ್ದಕ್ಕೂ ಕ್ಯೂ ನಕ್ಕಿತು. ಒಬ್ಬ ಅಜ್ಜಿ ಮಾತ್ರ "ಬೋಲೂ ದ್ಯಾ ತಿಲಾ" ಎಂದು ಎಲ್ಲರನ್ನೂ ಗದರಿಸಿ, ಅವಳಿಗೆ ಮಾತಾಡಲು ಅವಕಾಶ ಮಾಡಿಕೊಟ್ಟಳು.

ಗಿರಿಧರ ನಗಲಿಲ್ಲ. ಅವನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತ್ತು.

"ಸಾಕು, ಮೇಡಮ್," ಎಂದ ಕನ್ನಡದಲ್ಲಿ. "ಎಲ್ಲಾರೂ ನಗಾಕತ್ತಾರ. ಮನೀಗೆ ಹೋಗ್ರಿ."

"ನಗಲಿ. ನಿಮ್ಮನ್ನ ನೋಡಿ ಅರವತ್ತು ಮನೆಯವರು ನಕ್ಕರಲ್ಲ." ಎರಡೂ ಕೈಯಲ್ಲಿ ಕೌಂಟರಿನ ಅಂಚು ಹಿಡಿದಳು. ಕೊನೆಯ ವಾಕ್ಯವನ್ನು ಬೆಳಿಗ್ಗೆಯಿಂದ ಇಪ್ಪತ್ತು ಸಲ ಹೇಳಿಕೊಂಡಿದ್ದಳು. ಅದನ್ನು ಇಡೀ ಕ್ಯೂಗೆ ಕೇಳುವ ಹಾಗೆ ಹೇಳಿದಳು.

"ಮೀ ತುಮಚ್ಯಾವರ ಪ್ರೇಮ ಕರತೋ."

ಈ ಸಲ ಯಾರೂ ನಗಲಿಲ್ಲ. ಅಜ್ಜಿ ಬಾಯಿಗೆ ಕೈ ಹಿಡಿದಳು.

ಗಿರಿಧರ ಅವಳನ್ನೇ ನೋಡುತ್ತಿದ್ದ. ಬಿಗಿದಿದ್ದ ಮುಖ ಸಡಿಲವಾಗಲು ಎಷ್ಟು ಹೊತ್ತು ತೆಗೆದುಕೊಂಡಿತೆಂದರೆ, ರಾಗಿಣಿಗೆ ತನ್ನ ಉಸಿರೇ ಮರೆತುಹೋಯಿತು.

"ತಪ್ಪು," ಎಂದ.

"ಏನು?"

"ಹೆಣ್ಣಮಗಳು 'ಕರತೇ' ಅನ್ನಬೇಕು, ರಾಗಿಣಿ." ಮೊದಲ ಸಲ ಮೇಡಮ್ ಬಿಟ್ಟು ಹೆಸರು ಕರೆದಿದ್ದ. ಗಾಜಿನ ಸಂದಿಗೆ ಮುಖ ತಂದು ದನಿ ತಗ್ಗಿಸಿದ. "'ಕರತೋ' ಅಂತ ನಾ ಹೇಳಬೇಕು. ಮೀ ತುಝ್ಯಾವರ ಪ್ರೇಮ ಕರತೋ. ಈಗ ನೀ ಹೇಳು, ಬರೋಬರ್."

"ಕರತೇ," ಎಂದಳು ರಾಗಿಣಿ, ಅಳುತ್ತ.