ಬೆವರದ ಹಣೆ

ಗುರುಬಸವ್ವನ ಎಡಗೆನ್ನೆಗೆ ಟಿಂಚರ್ ಅಯೋಡಿನ್ ಬಳಿದು, ಅದು ಒಣಗಿದ ಮೇಲೆ ಮೆಕ್ಕೆಜೋಳದ ಹಿಟ್ಟನ್ನು ತೆಳ್ಳಗೆ ಉದುರಿಸಿ, ಡಾ. ಇಂದುಮತಿ ಗಲಗಲಿ ಕೈಗಡಿಯಾರ ನೋಡಿದಳು. ಪರೀಕ್ಷೆ ನೂರು ವರ್ಷಕ್ಕೂ ಹಳೆಯದು. ಬೆವರು ಸೋಕಿದ ಕಡೆ ಹಿಟ್ಟು ಕಡುನೀಲಿಯಾಗುತ್ತದೆ, ಅಷ್ಟೆ. ಬೆವರು ಬರಿಸಲು ರೋಗಿಯ ಬಾಯಿಗೆ ಏನಾದರೂ ಹುಳಿ ಕೊಡಬೇಕು. ಅದಕ್ಕೆಂದು ಆಸ್ಪತ್ರೆಯಲ್ಲಿ ನಿಂಬೆಯ ಗುಳಿಗೆಗಳಿದ್ದವು. ಗುರುಬಸವ್ವ ಒಂದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟು, ಕೈಚೀಲದಿಂದ ತನ್ನ ಖಾನಾವಳಿಯ ನಿಂಬೆಕಾಯಿ ಉಪ್ಪಿನಕಾಯಿಯನ್ನೇ ತೆಗೆದು ಬಾಯಿಗೆ ಹಾಕಿಕೊಂಡಿದ್ದಳು.

ಐದು ನಿಮಿಷವಾಯಿತು. ಹತ್ತಾಯಿತು. ಕೆನ್ನೆಯ ಮೇಲಿನ ಹಿಟ್ಟು ಉದುರಿಸಿದಾಗ ಇದ್ದಂತೆಯೇ ಇತ್ತು.

ಗೆದ್ದಿರೆಂದು ಇಂದುಮತಿ ಹೇಳಹೊರಟರೆ ಗುರುಬಸವ್ವ ಕೈ ಅಡ್ಡ ಹಿಡಿದಳು. “ಮೊದ್ಲ ಕನ್ನಡಿ ಕೊಡ್ರಿ. ನಿಮ್ಮ ಮಾತ ಆಮ್ಯಾಲ ಕೇಳ್ತೀನಿ.”

ಧಾರವಾಡದ ಕೋರ್ಟಿನ ಬಳಿ ಗುರುಬಸವ್ವನದು ಹನ್ನೆರಡು ಮೇಜಿನ ಖಾನಾವಳಿ. ಮೂರು ವರ್ಷದ ಹಿಂದೆ ಅವಳ ಕಿವಿಯ ಮುಂದೆ, ಜೊಲ್ಲು ತಯಾರಿಸುವ ಗ್ರಂಥಿಯಲ್ಲಿ ಒಂದು ಗಡ್ಡೆ ಬೆಳೆದಿತ್ತು. ಬೇರೊಬ್ಬ ವೈದ್ಯರು ಗಡ್ಡೆಯನ್ನು ಗ್ರಂಥಿಯ ಸಮೇತ ತೆಗೆದರು. ಗಡ್ಡೆ ಹೋಯಿತು, ಹೊಸ ಪೀಡೆ ಬಂತು. ಗ್ರಂಥಿಗೆ ‘ಜೊಲ್ಲು ಸುರಿಸು’ ಎಂದು ಅಪ್ಪಣೆ ತರುತ್ತಿದ್ದ ನರದ ಎಳೆಗಳು ಕತ್ತರಿಸಿದರೂ ಸಾಯುವುದಿಲ್ಲ. ಮತ್ತೆ ಚಿಗುರಿ ಹಳೆಯ ಮನೆ ಹುಡುಕುತ್ತವೆ. ಆ ಮನೆ ಇಲ್ಲದಿದ್ದರೆ ಮೇಲಕ್ಕೆ ಬೆಳೆದು, ಚರ್ಮದ ಕೆಳಗಿನ ಬೆವರಿನ ಗ್ರಂಥಿಗಳಿಗೆ ಗಂಟು ಬೀಳುತ್ತವೆ. ಎರಡೂ ಗ್ರಂಥಿಗಳು ಒಂದೇ ರಾಸಾಯನಿಕದ ಮಾತು ಕೇಳುವುದರಿಂದ ಅಪ್ಪಣೆ ಅಲ್ಲಿಯೂ ನಡೆಯುತ್ತದೆ. ಹೀಗಾಗಿ ಊಟದ ನೆನಪಾದರೆ ಸಾಕು, ಅವಳ ಒಂದು ಕೆನ್ನೆಯಿಂದ ನೀರು ಇಳಿಯುತ್ತಿತ್ತು. ಊಟ ಬಡಿಸುವವಳ ಗದ್ದದಿಂದ ಬೆವರಿನ ಹನಿ ತೊಟ್ಟಿಕ್ಕುವುದನ್ನು ಯಾವ ಗಿರಾಕಿ ಸಹಿಸಿಯಾನು? ಅರ್ಧ ಮೇಜುಗಳು ಖಾಲಿಯಾದವು.

ಹಳೆಯ ಕಾಲದ ಶಸ್ತ್ರವೈದ್ಯರು ಇದಕ್ಕೆ ಗೋಡೆ ಕಟ್ಟುತ್ತಿದ್ದರು. ಕತ್ತಿನ ಸ್ನಾಯುವಿನ ತುಣುಕನ್ನೋ ಹೊಟ್ಟೆಯ ಕೊಬ್ಬನ್ನೋ ತಂದು ಚರ್ಮಕ್ಕೂ ನರಕ್ಕೂ ನಡುವೆ ಇಟ್ಟು ಹೊಲಿಯುತ್ತಿದ್ದರು. ಎಷ್ಟೋ ಜನರಿಗೆ ಅದು ಒಗ್ಗುತ್ತಿತ್ತು. ಕೆಲವರಲ್ಲಿ ಮಾತ್ರ ನರ ಗೋಡೆಯಲ್ಲೂ ಸಂದಿ ಹುಡುಕಿ ಹೊರಬರುತ್ತಿತ್ತು. ಇಂದುಮತಿ ಇಟ್ಟದ್ದು ಗೋಡೆಯಲ್ಲ. ಉಳ್ಳಾಗಡ್ಡಿಯ ಒಳಪದರಕ್ಕಿಂತ ತೆಳುವಾದ ಒಂದು ಹಾಳೆ. ನರದ ತುದಿ ಬಂದು ಮುಟ್ಟಿದ ಕೂಡಲೇ ಅದು ಆ ಅಪ್ಪಣೆಯನ್ನು ಓದಿ, ಅಲ್ಲೇ ತಣ್ಣಗಾಗಿಸುತ್ತಿತ್ತು. ಆಕೆ ಅದಕ್ಕೆ ‘ತೆರೆ’ ಎಂದು ಹೆಸರಿಟ್ಟಿದ್ದಳು. ಹದಿನಾಲ್ಕು ವರ್ಷದ ದುಡಿಮೆ ಅದು. ಆ ದಿನ ಗುರುಬಸವ್ವನ ಒಣ ಕೆನ್ನೆ ಕಂಡು ಇಂದುಮತಿಯ ಕಣ್ಣು ತುಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಈ ಕತೆ ಬರೆಯಬೇಕಾಗಿರಲಿಲ್ಲ.

ಕೆನ್ನೆಯ ಬೆವರು ನಿಲ್ಲಿಸುವ ಹಾಳೆ ಹಣೆಯ ಬೆವರನ್ನೂ ನಿಲ್ಲಿಸಬಲ್ಲದು ಎಂದು ಹೊಳೆಯಲು ಜನಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ಮೊದಲು ಕೇಳಿ ಬಂದವನು ಇಂದುಮತಿಯ ಅಣ್ಣ ಶ್ರೀಪಾದನೇ. ಮೂವತ್ತು ವರ್ಷದ ವಕೀಲಿಕೆ, ನಾಲಿಗೆ ಕತ್ತರಿ, ಕಾನೂನು ಕಂಠಪಾಠ. ಆದರೆ ವಾದಕ್ಕೆ ನಿಂತರೆ ಹಣೆ ತೊಯ್ದು ತೊಪ್ಪೆಯಾಗುತ್ತಿತ್ತು. “ಜಡ್ಜ್ ಮುಂದ ಮೊದಲು ನನ್ನ ಹಣಿ ಸೋಲ್ತದ, ಇಂದೂ. ಆಮ್ಯಾಲೆ ಕೇಸು,” ಎಂದ. ರೋಗವಿಲ್ಲದವರಿಗೆ ಕತ್ತಿ ಹಾಕಲು ಅವಳಿಗೆ ಮನಸ್ಸಿರಲಿಲ್ಲ. ಅಣ್ಣ ಬಿಡಲಿಲ್ಲ. ಕೂದಲಂಚಿನಲ್ಲಿ ಸಣ್ಣ ಗಾಯ ಮಾಡಿ, ಹಣೆಗೂ ಮೇಲ್ದುಟಿಗೂ ಅವಳೇ ಕೈಯಾರೆ ತೆರೆ ಹಾಸಿದಳು.

ಆಮೇಲೆ ಸಾಲು ಹತ್ತಿತು. ಸಂದರ್ಶನಕ್ಕೆ ಹೋಗುವವರು, ಸುದ್ದಿ ಓದುವವರು, ಮಾಲು ಮಾರುವವರು, ಪೊಲೀಸರು, ಮದುವೆಯ ಮಾತುಕತೆಗೆ ಕೂರುವವರು. ಬೇರೆ ಆಸ್ಪತ್ರೆಗಳೂ ತೆರೆ ಹಾಸತೊಡಗಿ, ಮೂರು ವರ್ಷದಲ್ಲಿ ನಾಲ್ವತ್ತೊಂದು ಸಾವಿರ ಮುಖಗಳು ಬೆವರುವುದನ್ನು ಬಿಟ್ಟವು.

ಪರೀಕ್ಷೆಗೆಂದು ವರ್ಷಕ್ಕೊಮ್ಮೆ ಬರುವ ಗುರುಬಸವ್ವ ಆ ವರ್ಷ ಬಂದವಳೇ ದೂರು ಹೇಳಿದಳು. ತೆರೆಯ ಮೇಲಲ್ಲ, ಗಿರಾಕಿಗಳ ಮೇಲೆ. ಅವಳು ಅಡಿಗೆಯ ರುಚಿ ನೋಡುವವಳೇ ಅಲ್ಲ. ಉಣ್ಣುವವರ ಹಣೆ ನೋಡಿ ಖಾರ ಹದ ಮಾಡುವವಳು. ಹುಬ್ಬಿನ ಮೇಲೆ ಸಣ್ಣಗೆ ಹನಿಗೂಡಿದರೆ ಬದನೆಯ ಎಣಗಾಯಿ ಸರಿಯಾಗಿದೆ. ಕಪಾಳದಿಂದ ಇಳಿದರೆ ಜಾಸ್ತಿಯಾಗಿದೆ, ಮೊಸರು ಕಳಿಸಬೇಕು.

“ಬಾಯಿ ಸುಳ್ಳ ಹೇಳತೈತ್ರಿ, ಛಲೋ ಐತಿ ಅಂತೈತಿ. ಹಣಿ ಸುಳ್ಳ ಹೇಳೂದಿಲ್ಲ. ಈಗ ಅರ್ಧಾ ಮಂದಿ ಹಣಿ ಗ್ವಾಡಿ ಆಗ್ಯಾವ.”

ಇಂದುಮತಿ ನಕ್ಕಳು. ಗುರುಬಸವ್ವ ನಗಲಿಲ್ಲ. ತಗ್ಗಿದ ದನಿಯಲ್ಲಿ ಹೋದ ತಿಂಗಳ ಸಂಗತಿ ಹೇಳಿದಳು. ಬಿತ್ತನೆ ಬೀಜದ ಕಂಪನಿಯ ಒಬ್ಬಾತ, ದಿನವೂ ಬರುವವನು, ತೆರೆ ಹಾಕಿಸಿಕೊಂಡವನು, ಮೂರನೆಯ ಮೇಜಿನಲ್ಲಿ ಅರ್ಧ ರೊಟ್ಟಿ ತಿಂದು ಗೋಡೆಗೆ ಒರಗಿದ. ಮುಖ ಒಣಗಿ ಸಪ್ಪಗಿತ್ತು. ಸುತ್ತಾಟದ ದಣಿವು, ಕಣ್ಣು ಹತ್ತಿದೆ ಎಂದುಕೊಂಡರು. ಅಕ್ಕಪಕ್ಕದವರು ಊಟ ಮುಗಿಸಿ ಎದ್ದರು. ಒಂದು ತಾಸು ಯಾರೂ ಅವನನ್ನು ಮುಟ್ಟಲಿಲ್ಲ.

“ನಿದ್ದಿ ಬಂದೈತಿ ಅಂತ ಫ್ಯಾನ್ ಹಚ್ಚಿದೆನ್ರಿ ಅವಗ,” ಎಂದಳು. “ಸತ್ತಾಂವಗ ಗಾಳಿ ಹಾಕೀನಿ.”

ಇಂದುಮತಿ ಕೈಯಲ್ಲಿದ್ದ ಅಯೋಡಿನ್ ಸೀಸೆ ಕೆಳಗಿಟ್ಟಳು. ಎದೆಗೆ ರಕ್ತ ನಿಂತಾಗ ದೇಹ ಮೊಟ್ಟಮೊದಲು ಹೊರಗೆ ಹಾಕುವ ಕೂಗು ಹಣೆಯ ಮೇಲಿನ ತಣ್ಣನೆ ಬೆವರು. ಓದು ಬರದ ಮುದುಕಿಯೂ ಅದನ್ನು ಕಂಡು ‘ಯಾಕಪ್ಪಾ ಹಿಂಗ ಬೆವತೀದಿ’ ಎಂದು ಗಾಬರಿಯಾಗುತ್ತಾಳೆ. ಆ ಕೂಗಿನ ಬಾಯಿಯನ್ನು ತನ್ನ ತೆರೆ ನಾಲ್ವತ್ತೊಂದು ಸಾವಿರ ಸಲ ಹೊಲಿದಿದೆ. ಆ ವಾರವೆಲ್ಲ ಅವಳು ಆಸ್ಪತ್ರೆಗಳ ದಾಖಲೆ ತರಿಸಿ ಓದಿದಳು. ತೆರೆ ಇದ್ದವರು ಎದೆನೋವಿನಲ್ಲಿ ಆಸ್ಪತ್ರೆ ಸೇರಿದ್ದು ಉಳಿದವರಿಗಿಂತ ಎರಡು ತಾಸು ತಡವಾಗಿ. ಇಪ್ಪತ್ತಮೂರು ಜನ ಸೇರಲೇ ಇಲ್ಲ. ಎಲ್ಲರ ಮನೆಯವರದೂ ಒಂದೇ ಮಾತು: ಮುಖ ನೋಡಿದರೆ ಆರಾಮಾಗಿಯೇ ಇದ್ದರು.

ಗಲಗಲಿಯವರ ಮನೆತನದಲ್ಲಿ ಎದೆಯ ಕಾಯಿಲೆ ವಂಶದ ಬಳುವಳಿ. ಅಪ್ಪ ಅರುವತ್ತು ಕಾಣಲಿಲ್ಲ. ಅಣ್ಣನಿಗೆ ಈಗ ಐವತ್ತೊಂಬತ್ತು.

ದಾಖಲೆ ಓದಿ ಮುಗಿಸಿದ ಮರುದಿನ ಮಧ್ಯಾಹ್ನ ಕೋರ್ಟಿಗೇ ಹೋಗಿ ಅವನನ್ನು ಹಿಡಿದಳು. ಹಸಿವಾಗಿದೆ, ಊಟ ಮಾಡುತ್ತ ಬೈಯಿ ಎಂದು ಅವನು ಗುರುಬಸವ್ವನ ಖಾನಾವಳಿಗೆ ಕರೆದೊಯ್ದ. ಕರಿಕೋಟು ತೆಗೆಯದೆ ಎದುರಿಗೆ ಕುಳಿತ. ಇಂದುಮತಿ ಎಲ್ಲ ಹೇಳಿದಳು. ತೆರೆ ತೆಗೆಯಬೇಕು, ನರ ಅದಕ್ಕೆ ಅಂಟಿಕೊಂಡಿರುವುದರಿಂದ ಸ್ವಲ್ಪ ಕಲೆ ಉಳಿದೀತು, ಈ ವಾರವೇ ಬಾ ಎಂದಳು. ಅವನು ರೊಟ್ಟಿ ಮುರಿಯುತ್ತ ಕೇಳಿದ. ಇಲಿ ಹೋದರೆ ಹುಲಿ ಹೋಯಿತೆನ್ನುವುದು ನಿನ್ನ ಹಳೆಯ ಚಟ ಎಂದು ಚೇಷ್ಟೆ ಮಾಡಿದ. ಅವಳು ಅವನ ಹಣೆಯನ್ನೇ ನೋಡುತ್ತಿದ್ದಳು. ಬಾಲ್ಯದಲ್ಲಿ ಅಣ್ಣ ಸುಳ್ಳು ಹೇಳಿದರೆ ಮೀಸೆ ಬರುವ ಜಾಗದಲ್ಲಿ ನಾಲ್ಕು ಹನಿ ಮೂಡುತ್ತಿದ್ದವು. ಅಪ್ಪನಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಈಗ ಅವನು ಹಸಿದಿದ್ದಾನೋ ದಣಿದಿದ್ದಾನೋ ಹೆದರಿದ್ದಾನೋ, ಒಂದೂ ತಿಳಿಯದು. ಅಣ್ಣನ ಮುಖವೇ ತನಗೆ ಅಪರಿಚಿತವಾಯಿತಲ್ಲ ಎಂದು ಅವಳಿಗೆ ಭಯವಾಯಿತು. ಮಾಡಿದವಳೂ ತಾನೇ.

ಶ್ರೀಪಾದ ನೀರಿನ ಲೋಟ ಎತ್ತಿ ಒಂದು ಗುಟುಕು ಕುಡಿದು ಕೆಳಗಿಟ್ಟ. ಇಂದುಮತಿ ಆಗಲೂ ಅವನ ಹಣೆಯನ್ನೇ ನೋಡುತ್ತಿದ್ದಳು. ಅಲ್ಲೇನೂ ಇರಲಿಲ್ಲ.

ರೊಟ್ಟಿಯ ಬುಟ್ಟಿ ಹಿಡಿದು ಬಂದ ಗುರುಬಸವ್ವ ಮೇಜಿನ ಪಕ್ಕ ತಡೆದು ನಿಂತಳು. ಅವಳು ನೋಡುತ್ತಿದ್ದುದು ಲೋಟವನ್ನು. ಹೊಳೆಯುವ ಸ್ಟೀಲಿನ ಮೇಲೆ ಎಣಗಾಯಿಯ ಎಣ್ಣೆ, ಐದು ಬೆರಳಿನ ಗುರುತು.

“ಡಾಕ್ಟರ,” ಎಂದಳು ಮೆಲ್ಲಗೆ, “ಅಣ್ಣಾವ್ರು ಎಂಜಲ ಕೈಲೆ ನೀರ ಕುಡದಾರ. ಎಡಗೈ ಎತ್ತವಲ್ರು.”

ಬಲಗೈಯಲ್ಲಿ ಉಣ್ಣುವವನು ನೀರಿನ ಲೋಟವನ್ನು ಎಡಗೈಯಿಂದಲೇ ಎತ್ತುತ್ತಾನೆ. ನಾಲ್ಕು ವರ್ಷದ ಮಗುವಿಗೂ ತಾಯಿ ಕೈಗೆ ಹೊಡೆದು ಕಲಿಸಿರುತ್ತಾಳೆ. ಮಡಿ ಬಿಟ್ಟರೂ ಈ ರೂಢಿ ಬಿಡದ ಮನೆಯವನು ಶ್ರೀಪಾದ. ಅವನ ಎಡಗೈ ತೊಡೆಯ ಮೇಲೆ ಬಿದ್ದಿತ್ತು, ಬೆರಳು ಮಡಚಿಕೊಂಡು.

ಇಂದುಮತಿ ಎದ್ದು ಅವನ ಕರಿಕೋಟಿನ ಗುಂಡಿ ಬಿಚ್ಚಿದಳು. ಒಳಗಿನ ಅಂಗಿ ಬಾವಿಯಿಂದ ಎತ್ತಿದಂತೆ ತೊಯ್ದಿತ್ತು. ಎದೆ, ಬೆನ್ನು, ಕಂಕುಳು, ಎಲ್ಲ ಕಡೆ ದೇಹ ಕೂಗುತ್ತಿತ್ತು. ಮುಖ ಮಾತ್ರ ಫೋಟೋದಲ್ಲಿದ್ದಂತೆ ಶಾಂತವಾಗಿತ್ತು. “ಬೆಳಿಗ್ಗಿಂದ ತೋಳು ಸ್ವಲ್ಪ ಜಗ್ತದ,” ಎಂದ ಅವನು.

ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿ ಉಳಿದುಕೊಂಡ. ಇನ್ನು ಅರ್ಧ ತಾಸು ಕಳೆದಿದ್ದರೆ ಕಷ್ಟವಿತ್ತು ಎಂದು ಹೃದಯದ ವೈದ್ಯರು ಹೇಳಿದರು. ಹೊರಗೆ ಬೆಂಚಿನ ಮೇಲೆ ಗುರುಬಸವ್ವ ಕುಳಿತಿದ್ದಳು; ಕೈಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು. ಇಂದುಮತಿ ಅವಳ ಪಕ್ಕ ಕುಸಿದು ಕೂತು ಅತ್ತಳು. ಎಲ್ಲ ತೆರೆಗಳನ್ನೂ ತೆಗೆಯುತ್ತೇನೆ, ಮೊದಲಿನಂತೆ ಎಲ್ಲರ ಹಣೆಯೂ ಕಾಣುವಂತೆ ಮಾಡುತ್ತೇನೆ ಎಂದಳು.

ಗುರುಬಸವ್ವ ತನ್ನ ಕೆನ್ನೆ ಮುಟ್ಟಿಕೊಂಡಳು. “ಈ ಗಲ್ಲ ಎರಡ ವರ್ಷ ಬೆವರತಿತ್ತಲ್ರಿ. ಎಲ್ಲಾರೂ ನೋಡಿದ್ರು. ನೋಡಿ ಎದ್ದ ಹೋದ್ರು. ಏನಾಗೇತವ್ವಾ ನಿನಗ ಅಂತ ಒಬ್ಬರೂ ಕೇಳಲಿಲ್ಲ.”

ಮೂರನೆಯ ದಿನ ಶ್ರೀಪಾದನನ್ನು ವಾರ್ಡಿಗೆ ತಂದರು. ಚೇತರಿಸಿಕೊಂಡ ಮೇಲೆ ಮೊದಲು ತೆರೆ ತೆಗೆಯೋಣ ಎಂದಳು ಇಂದುಮತಿ. ಅವನು ಬೇಡವೆಂದು ತಲೆಯಾಡಿಸಿದ. ದೊಡ್ಡ ಕೇಸು, ಬರುವ ತಿಂಗಳು ಇಪ್ಪತ್ತಕ್ಕೆ ವಾದವಿದೆ, ಎದುರಿನ ವಕೀಲ ಅವನ ಹಣೆಯನ್ನೇ ಕಾಯುತ್ತಿರುತ್ತಾನೆ.

“ಅಣ್ಣಾ, ನಿನಗ ಹೆದರಿಕಿ ಆಗೂದಿಲ್ಲೇನು?”

“ಇಲ್ಲ. ನೋಡು, ನನ್ನ ಮಾರಿ ನೋಡು. ಇದು ಇರಲಿ, ತಗೀಬ್ಯಾಡ.”

ನೋಡಿದಳು. ಹಣೆ ಒಣಗಿತ್ತು, ಮೇಲ್ದುಟಿ ಒಣಗಿತ್ತು, ತುಟಿಯಲ್ಲಿ ಸಣ್ಣ ನಗೆಯಿತ್ತು. ಅವಳು ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು. ಬೆರಳಿನ ಕೆಳಗೆ ನಾಡಿ ದಿಕ್ಕೆಟ್ಟು ಓಡುತ್ತಿತ್ತು. ಅವನು ಕೈ ಬಿಡಿಸಿಕೊಳ್ಳಲಿಲ್ಲ, ಅವಳೂ ಬಿಡಲಿಲ್ಲ.

ಇದು ಇನ್ನು ಮೂವತ್ತು ನಾಲ್ವತ್ತು ವರ್ಷದ ನಂತರದ ಮಾತು. ತೆರೆ ಇನ್ನೂ ಬಂದಿಲ್ಲ. ಇಂದು ಮಧ್ಯಾಹ್ನ ನಿಮ್ಮೆದುರು ಊಟಕ್ಕೆ ಕೂತವರ ಹಣೆ ಬೆವರಿದರೆ ಅದು ಕಣ್ಣಿಗೆ ಕಾಣುತ್ತದೆ. ಕಂಡೂ ನಮ್ಮ ನಮ್ಮ ತಟ್ಟೆಯ ಕಡೆ ತಿರುಗಲು ನಮಗೆ ಯಾವ ತೆರೆಯೂ ಬೇಕಾಗಿಲ್ಲ.