ಕರೆಯದೆ ಬರಬೇಕಾದವನು

ಪೊಲೀಸರ ಗುರಾಣಿಗಳ ಸಾಲಿಗೆ ಕೈಗನ್ನಡಿ ಹಿಡಿಯುತ್ತ ನಡೆದಿದ್ದ ರೊಸಾಂದಾ ಫಕ್ಕನೆ ನಿಂತಳು.

ಎದುರಿನ ಗುರಾಣಿಯ ಹಿಂದೆ ವುಕಾಶಿನ್ ಇದ್ದ. ವಸಂತದಲ್ಲಿ ಅವಳನ್ನು ಮದುವೆಯಾಗಬೇಕಿದ್ದವನು. ತನಗೆ ಠಾಣೆಯೊಳಗಿನ ಕೆಲಸವೆಂದು ನಂಬಿಸಿದ್ದವನು.

"ನೋಡ್ಕೋ," ಎಂದಳು.

ಅವನು ಕನ್ನಡಿ ನೋಡಲಿಲ್ಲ. ಅವಳನ್ನೇ ನೋಡಿದ.

ಅದು ತೊಂಬತ್ತಾರರ ಡಿಸೆಂಬರ್. ಪುರಸಭೆಯ ಚುನಾವಣೆಯಲ್ಲಿ ಗೆದ್ದವರ ಗೆಲುವನ್ನು ಸರಕಾರ ನುಂಗಿತೆಂದು ಬೆಲ್‌ಗ್ರೇಡ್ ನಗರವೇ ಸೀಟಿ ಊದುತ್ತ ಬೀದಿಗಿಳಿದಿತ್ತು. ಅಂದು ಸಂಜೆ ಗುರಾಣಿಗಳ ಸಾಲು ಮುಂದೆ ಸರಿಯಿತು. ನೂಕುನುಗ್ಗಲಲ್ಲಿ ಬಿದ್ದು ರೊಸಾಂದಾಳ ತಮ್ಮ ಓಗ್ನ್ಯೆನ್ ಬಲಗೈ ಮುರಿದುಕೊಂಡ. ಆ ಸಾಲಿನಲ್ಲಿ ವುಕಾಶಿನನೂ ಇದ್ದ!

ಅವನ ಹೆಸರೆತ್ತಬಾರದೆಂದು ತಂದೆ ರಾದೋಯೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಷ್ಟರಲ್ಲಿ ಸಂತ ನಿಕೋಲಾನ ದಿನ ಹತ್ತಿರವಾಯಿತು. ಅವನು ರಾದೋಯೆಯ ಮನೆತನವನ್ನು ಕಾಯುವ ಸಂತ. ಆ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಮನೆಯವರೆನಿಸಿಕೊಂಡವರು ತಾವಾಗಿಯೇ ಬರುತ್ತಾರೆ. ಹಿಂದಿನ ವರ್ಷ ವುಕಾಶಿನ್ ಹಾಗೆಯೇ ಬಂದಿದ್ದ.

ಈ ಸಲ ಬರುವನೇ? ಬಾರದಿದ್ದರೆ ಅಲ್ಲಿಗೆ ಮುಗಿಯಿತು...

ಸಿಟ್ಟು ಒಂದು ಕಡೆ, ಅವನನ್ನು ಕಳೆದುಕೊಳ್ಳುವ ಭಯ ಇನ್ನೊಂದು ಕಡೆ. ಭಯವೇ ಗೆದ್ದಿತು. ಅವಳು ಫೋನ್ ಮಾಡಿದಳು.

"ನಿಕೋಲಾ ಹಬ್ಬಕ್ಕೆ ಬಾ."

ವುಕಾಶಿನ್ ಕೇಳಿದ, "ಕರೀತಿದ್ದೀಯಾ?"

"ಹೂಂ... ಕರೀತಿದ್ದೀನಿ."

"ಹೊರಗಿನವನನ್ನ ಕರೆದ ಹಾಗೆ."

ಫೋನ್ ಇಟ್ಟ ಸದ್ದು ಕೇಳಿದ ಮೇಲೆಯೇ ಅವಳಿಗೆ ತನ್ನ ತಪ್ಪು ಹೊಳೆದದ್ದು. ಬಾಗಿಲು ತೆರೆದಿದೆಯೆಂದು ತಿಳಿಸಹೋಗಿ, ಅವನನ್ನು ಹೊಸ್ತಿಲಾಚೆ ನಿಲ್ಲಿಸಿದ್ದಳು.

ಹಬ್ಬದ ದಿನ ಮನೆ ತುಂಬಿತು. ಬಂದವರೆಲ್ಲ ಬೇಯಿಸಿದ ಸಿಹಿ ಗೋಧಿಯನ್ನು ಒಂದು ಚಮಚ ಬಾಯಿಗಿಟ್ಟುಕೊಂಡು, ಮೀನಿನ ಸಾರಿನ ಮುಂದೆ ಕುಳಿತು, ಚುನಾವಣೆಯ ವಿಷಯಕ್ಕೆ ಜಗಳಾಡಿದರು. ಕೊನೆಯ ಅತಿಥಿಯ ಉಪಚಾರ ಮುಗಿಯುವವರೆಗೆ ಮನೆಯ ಯಜಮಾನ ಕೂರುವಂತಿಲ್ಲ. ರಾದೋಯೆ ಬೆಳಗಿನಿಂದ ನಿಂತೇ ಇದ್ದ.

"ಏನೇ, ನಿನ್ನ ಗುರಾಣಿ ಎಲ್ಲೇ?" ಎಂದು ಸೋದರತ್ತೆ ಕೆಣಕಿದಳು. ರೊಸಾಂದಾ ತಟ್ಟೆಗಳನ್ನೆತ್ತಿಕೊಂಡು ಅಡುಗೆಮನೆ ಸೇರಿದಳು.

ಕತ್ತಲಾಯಿತು. ಹಬ್ಬದ ಮೇಣದಬತ್ತಿಯನ್ನು ದ್ರಾಕ್ಷಾರಸದಿಂದ ಆರಿಸಿ ಹಬ್ಬ ಮುಗಿಸಲು ತಂದೆ ಲೋಟ ಕೈಗೆತ್ತಿಕೊಂಡ.

"ಅಪ್ಪಾ... ಇನ್ನೊಂದು ಸ್ವಲ್ಪ ಹೊತ್ತು."

ಅವನು ಮಗಳ ಮುಖ ನೋಡಿ ಲೋಟ ಕೆಳಗಿಟ್ಟ. ಆದರೆ ಕೈ ಕುರ್ಚಿಯ ಬೆನ್ನಿನತ್ತ ಹೋಯಿತು. ಅಪ್ಪ ಕೂತರೆ ಹಬ್ಬ ಮುಗಿದಂತೆ...

ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ವುಕಾಶಿನ್ ನಿಂತಿದ್ದ. ಸಮವಸ್ತ್ರವಿರಲಿಲ್ಲ, ಹಳೆಯ ಕೋಟಿನ ಮೇಲೆ ಹಿಮ. ಒಳಗಿದ್ದವರೆಲ್ಲ ಅತ್ತ ತಿರುಗಿದರು. ರಾದೋಯೆ ಕುರ್ಚಿ ಹಿಡಿದೇ ಇದ್ದ.

"ಓಗ್ನ್ಯೆನ್ ಬಿದ್ದಾಗ ನಾನು ಅಲ್ಲೇ ಇದ್ದೆ, ಮಾವ," ಎಂದ ವುಕಾಶಿನ್. "ಸಾಲು ಬಿಟ್ಟು ಅವನನ್ನ ಎತ್ತಬೇಕಿತ್ತು. ಎತ್ತಲಿಲ್ಲ. ಇವತ್ತು ಗುರಾಣಿ ಒಪ್ಪಿಸಿ ಬಂದೆ. ಇನ್ನು ಕೆಲಸ ಇರಲ್ಲ."

ಓಗ್ನ್ಯೆನ್ ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲೆ ಸರಿಸಿ ಪಕ್ಕದಲ್ಲಿ ಜಾಗ ಮಾಡಿದ.

"ಬಾ ಭಾವ, ಕೂತ್ಕೋ. ಎಡಗೈ ಇನ್ನೂ ನೆಟ್ಟಗಿದೆ, ಅದನ್ನೊಂದು ಬಿಟ್ಟುಬಿಡು."

ರಾದೋಯೆ ಕುರ್ಚಿ ಬಿಟ್ಟ. ನಿಧಾನವಾಗಿ ಗೋಧಿಯ ಬಟ್ಟಲನ್ನೆತ್ತಿ ಮಗಳ ಕೈಗಿತ್ತ.

"ನೀನೇ ಕೊಡು. ನನ್ನ ಕೈ ಇನ್ನೂ ಒಪ್ತಿಲ್ಲ. ಆದರೆ ನಿಂತಿರ್ತೀನಿ."

ಅವಳು ಹೊಸ್ತಿಲವರೆಗೆ ನಡೆದಳು. ಚಮಚ ಹಿಡಿದ ಅವನ ಬೆರಳುಗಳು ಚಳಿಗೆ ಮರಗಟ್ಟಿದ್ದವು.

"ನೀನು ಕರೆದೆ ಅಂತ ಬಂದಿಲ್ಲ, ರೊಸಾಂದಾ."

"ಗೊತ್ತು."

"ಕರೆಯದೆ ಇದ್ದಿದ್ರೂ ಬರ್ತಿದ್ದೆ."

"ಹಾಗಾದ್ರೆ ಇನ್ಯಾವತ್ತೂ ಕರೆಯಲ್ಲ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಒಳಗೆ ಬಾ... ಅಪ್ಪನಿಗೆ ಕಾಲು ನೋಯ್ತಿದೆ."